ಸೈಡ್ ಬಿ, ನಾಲ್ಕನೆಯದು

ನೆಹರೂ ರೋಡಿನಲ್ಲಿ ಮಹಡಿ ಮೆಟ್ಟಿಲ ಕೆಳಗೆ
ಆರಡಿಗೆ ಎಂಟಡಿ, ವಲೇರಿಯನ್ ಡಿಸಿಲ್ವರ ಅಂಗಡಿ.
ಎಂಬತ್ನಾಲ್ಕರಿಂದ ತೊಂಬತ್ತೊಂದರವರೆಗೆ
ಅಲ್ಲಿ ನನ್ನ ಕೆಲಸ ಬರೆಯುವುದು:
ಕ್ಯಾಸೆಟ್ಟಿನ ಗೆರೆ ಕಾರ್ಡಿನ ಮೇಲೆ
ಹಸಿರು ರೀಫಿಲ್ಲಿನಲ್ಲಿ ಹಾಡುಗಳ ಹೆಸರು.
ಕಾರ್ಡಿಗೆ ನಾಲ್ಕಾಣೆ. ಊಟ ಮನೆಯದು.

ಇಂಗ್ಲಿಷು ನನಗೆ ಏಳನೇ ಕ್ಲಾಸಿನಷ್ಟು.
ಅಕ್ಷರ ಮಾತ್ರ ಮುತ್ತು, ಅವರೇ ಹೇಳಿದ್ದು.
ಓದಲು ಬಾರದ್ದನ್ನು ರಂಗೋಲಿಯಂತೆ ಬಿಡಿಸುತ್ತಿದ್ದೆ,
ಒಂದು ಎಲ್ ಹೆಚ್ಚು, ಒಂದು ಇ ಕಡಿಮೆ.
ಗಿಟಾರಿಗೇನೂ ಅದರಿಂದ ನೋವಾಗಲಿಲ್ಲ.

ಆಲ್ಬಂಗಳಿಗೆ ನಾನಿಟ್ಟ ಹೆಸರೇ ಬೇರೆ.
ನಾಲ್ವರು ಕೂದಲು ಕೆದರಿ ಗೋಡೆಗೆ ಒರಗಿದ್ದು
'ಕ್ಷೌರದ ಬಾಕಿ'.
ಒಬ್ಬಳೇ ಹೆಂಗಸು, ಪಿಯಾನೋ, ತುಂಬ ಉಸಿರು,
ಅವಳು 'ಮೆಟ್ಟಿಲು ಹತ್ತಿ ಬಂದವಳು'.
ಡ್ರಮ್ಮಿನ ಹೊರತು ಏನೂ ಕೇಳದ್ದು 'ಅವಲಕ್ಕಿ ಮಿಲ್ಲು'.
ವಲೇರಿಯನ್ ಮೊದಮೊದಲು ನಕ್ಕರು,
ಆಮೇಲೆ ಅವರೇ ಒಳಗಿಂದ ಕೂಗುವರು:
'ಕ್ಷೌರದ ಬಾಕಿ ಎರಡು ಕಾಪಿ, ಹುಡುಗರು ಕಾಯ್ತಿದಾರೆ.'

ನವುಲೆಯ ಇಂಜಿನಿಯರಿಂಗ್ ಹುಡುಗರು,
ಮೇಲಿನೆರಡು ಗುಂಡಿ ಬಿಚ್ಚಿ;
ಟೈಪಿಂಗ್ ಕ್ಲಾಸಿನ ದಮಯಂತಿ ಪೈ,
ಅಣ್ಣನಿಗೆ ಬೇಕಂತೆ ಎಂದು ಸುಳ್ಳು ಹೇಳಿ;
ಭದ್ರಾವತಿಯಿಂದ ಸೆಲ್ವರಾಜು,
ಕಬ್ಬಿಣದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಕಣ್ಣಿನ ಸುತ್ತ ಮಸಿ ಇಟ್ಟುಕೊಂಡೇ.
'ಜೋರಾಗಿರೋದು ಕೊಡಿ' ಅನ್ನುತ್ತಿದ್ದ,
'ಕುಲುಮೆ ಬಿಟ್ಟು ಬಂದ ಕಿವಿಗೆ ಮೆತ್ತಗಿನದು ಹತ್ತೋದಿಲ್ಲ.'

ಎಂಬತ್ತೇಳರ ಬೇಸಿಗೆ.
ಎರಡು ಡೆಕ್ಕಿನ ನಡುವಿನ ವೈರನ್ನು ಇಲಿ ಕಡಿಯಿತು.
ಹೊಸದು ಬರುವವರೆಗೆ ಎರಡನ್ನೂ
ಬೀಗರಂತೆ ಎದುರುಬದುರು ಕೂರಿಸಿದೆವು.
ಒಂದು ಹಾಡುವುದು, ಇನ್ನೊಂದು ಕೇಳಿಸಿಕೊಳ್ಳುವುದು.
ಶಟರು ಅರ್ಧ ಇಳಿಸಿ, ಫ್ಯಾನು ಆರಿಸಿ
ನಲವತ್ತೈದು ನಿಮಿಷ ಬೆವರೂ ಸದ್ದಿಲ್ಲದೆ ಇಳಿಯಬೇಕು.
'ಮೆಟ್ಟಿಲು ಹತ್ತಿ ಬಂದವಳು', ಸೈಡ್ ಬಿ, ನಾಲ್ಕನೆಯದು:
ನಡುವೆ ಅವಳು ಎಲ್ಲ ನಿಲ್ಲಿಸಿ
ಒಂದು ಕ್ಷಣ ಸುಮ್ಮನಾಗುತ್ತಾಳೆ.
ಅಲ್ಲೇ ನನಗೆ ಕೆಮ್ಮು ಬಂತು.

ಒಂದೇ. ಸಣ್ಣದು. ಸೆರಗು ಬಾಯಿಗಿಟ್ಟರೂ.
ಅದರ ಹಿಂದೆಯೇ ಸಾಗರದ ಬಸ್ಸಿನ ಹಾರನ್ನು.
ವಲೇರಿಯನ್ ನನ್ನ ಕಡೆ ನೋಡಿದರು,
ಟೇಪಿನ ಕಡೆ ನೋಡಿದರು.
ಮತ್ತೆ ಮಾಡೋಣವೆಂದರೆ ಕರೆಂಟು ಇರುತ್ತದೋ ಇಲ್ಲವೋ;
ಜೋಗ ನಮ್ಮ ಜಿಲ್ಲೆಯದೇ,
ದೀಪ ಆರುವುದೂ ನಮ್ಮಲ್ಲೇ ಮೊದಲು.
'ಇರಲಿ ಬಿಡು' ಅಂದರು.
ಆ ಕಾಪಿಯಿಂದ ಕಾಪಿ, ಅದರಿಂದ ಮತ್ತೊಂದು,
ತೀರ್ಥಹಳ್ಳಿಗೆ, ಹೊಸನಗರಕ್ಕೆ, ಶಿಕಾರಿಪುರಕ್ಕೆ
ಹೋಯಿತು ನನ್ನ ಗಂಟಲು,
ನಾನಿನ್ನೂ ಕಂಡಿರದ ಊರುಗಳಿಗೆಲ್ಲ.

ಹೋದ ವರ್ಷ ಮೆಗ್ಗಾನ್ ಆಸ್ಪತ್ರೆಯ ಬಿಪಿ ಸಾಲಿನಲ್ಲಿ
ನನ್ನ ಮುಂದೆ ಸೆಲ್ವರಾಜು. ಹಲ್ಲು ಕಟ್ಟಿಸಿದ್ದಾನೆ.
ಗುರುತು ಹತ್ತಲಿಲ್ಲ ಅವನಿಗೆ,
ಹಸಿರು ರೀಫಿಲ್ಲು ಅಂದ ಮೇಲೆ ಹತ್ತಿತು.
ಹೆಂಡತಿಗೆಂದು ಆ ಹೆಂಗಸಿನ ಕ್ಯಾಸೆಟ್ಟು ಕೊಂಡಿದ್ದನಂತೆ,
ಅವಳು ಒಲೆಯ ಪಕ್ಕ ಇಟ್ಟು
ಒಂದು ಮೂಲೆ ಕರಗಿಸಿದಳಂತೆ, ಆದರೂ ಓಡುತ್ತಿತ್ತಂತೆ.
ಈಗ ಮೊಮ್ಮಗಳು ಫೋನಿನಲ್ಲಿ ಹುಡುಕಿಕೊಟ್ಟಿದ್ದಾಳೆ.
'ಎಲ್ಲಾ ಚೊಕ್ಕ ಇದೆ, ತೊಳೆದಿಟ್ಟ ಲೋಟದ ಹಾಗೆ.
ಆದ್ರೆ ನಾಲ್ಕನೇ ಹಾಡಲ್ಲಿ ಅವಳು ಕೆಮ್ಮೋದೇ ಇಲ್ಲ.
ಕಂಪನಿಯವರು ತೆಗೆದುಬಿಟ್ಟಿದಾರೆ.
ಅವಳು ಕೆಮ್ಮಿದ್ರೆ ಅನ್ನ ಇಳಿಸೋದು ಅಂತ
ಲೆಕ್ಕ ಇತ್ತು ನಮ್ಮನೇಲಿ.'

ಹೇಳೋಣವೆಂದು ಬಾಯಿ ತೆರೆದೆ.
ನರ್ಸು ಕೂಗಿದಳು, ಐವತ್ತಾರು.
ತೋಳು ಮಡಿಸುತ್ತ ಎದ್ದುಹೋದ.

ತಮ್ಮನ ಮಗನಿಗೆ ಪಟ್ಟಿ ಮಾಡುವ ಚಟ.
ಆ ಹತ್ತು ವರ್ಷದಲ್ಲಿ ನಿನಗಿಷ್ಟದ್ದು ಯಾವುದತ್ತೆ,
ಒಂದೇ ಒಂದು ಹೇಳು, ಅನ್ನುತ್ತಾನೆ.
'ಅವಲಕ್ಕಿ ಮಿಲ್ಲು' ಅನ್ನುತ್ತೇನೆ. ಸುಳ್ಳೇನಲ್ಲ.
ಇನ್ನೊಂದನ್ನು ಹೇಗೆ ಹೇಳಲಿ,
ಅದರಲ್ಲಿ ನಾನಿದ್ದೇನೆ,
ಹೊಗಳಿಕೊಂಡ ಹಾಗಾಗುತ್ತದೆ.