ಬಾವಿ ನಂಬ್ರ ಹದಿನೇಳು

ಮೊದಲು ಏನೂ ಇಲ್ಲದ ನೀರಿನಲ್ಲಿ ಮೂರು ಸಲ ತೊಳೆಯಬೇಕು.
ಆಮೇಲೆ ಲೆಕ್ಕದ ಉಪ್ಪುನೀರು, ಸಣ್ಣ ಸೀಸೆಯದ್ದು:
ಸಾವಿರದ ನಾನೂರ ಹದಿಮೂರು ತೋರಿಸಿದರೆ
ಯಂತ್ರಕ್ಕೆ ಇವತ್ತು ತಲೆ ಸರಿ ಉಂಟು ಎಂದು ಅರ್ಥ.
ಸೆಕೆ ಎಷ್ಟಿದ್ದರೂ ಅದು ಇಪ್ಪತ್ತೈದು ಡಿಗ್ರಿಗೆ
ತಾನೇ ಇಳಿಸಿಕೊಂಡು ಹೇಳುತ್ತದೆ.
ಮೇ ತಿಂಗಳ ಆರಿಕ್ಕಾಡಿಯಲ್ಲಿ
ಇಪ್ಪತ್ತೈದು ಡಿಗ್ರಿಯಲ್ಲಿರುವುದು ಅದೊಂದೇ.

ಶಿರಿಯ ಹೊಳೆಯ ಅಳಿವೆಯಿಂದ ಈಚೆಗೆ
ಇಪ್ಪತ್ತೆರಡು ಬಾವಿ ನನ್ನ ಪಾಲಿಗೆ.
ದಿನಗೂಲಿ, ಬಸ್ಸಿನ ಚಾರ್ಜು ಬೇರೆ.
ನಮೂನೆ ತುಂಬುವುದು ಮಲಯಾಳದಲ್ಲಿ,
ಕಟ್ಟೆಯ ಬಳಿ ಮಾತು ತುಳುವಿನಲ್ಲಿ,
ಕೂಡಿಸಿ ಕಳೆಯುವುದು ನನ್ನೊಳಗೆ, ಕನ್ನಡದಲ್ಲಿ.
ಉಪ್ಪಿಗೆ ಮಾತ್ರ ಮೂರರಲ್ಲೂ ಉಪ್ಪು.
ಒಂಬತ್ತನೇ ಬಾವಿಯ ಜಯವಂತಿ ಕಾಮತರು
"ನಮ್ಮಲ್ಲಿ ಮೀಟ್" ಎಂದರು.
ಕೈಯಲ್ಲಿದ್ದ ಮೀಟರು ಆವತ್ತಿನಿಂದ ಅವರ ಮನೆಯ ನೆಂಟ.

ಹದಿನೇಳು ನೆಬೀಸುಮ್ಮನದ್ದು.
ಕೊಡಪಾನ ಮೇಲೆ ಬಂದ ಕೂಡಲೇ ನಾಲಗೆಯ ತುದಿಗೆ ಒಂದು ಹನಿ;
ನಾನು ಗುಂಡಿ ಒತ್ತುವ ಮೊದಲೇ ಅವರ ವರದಿ:
"ಹೋದ ವಾರಕ್ಕಿಂತ ಒಂದು ಚಿಟಿಕೆ ಹೆಚ್ಚು, ಮೋಳೆ."
ಜನವರಿಯಲ್ಲಿ ನಾನೂರ ಹತ್ತು.
ಮಾರ್ಚಿನಲ್ಲಿ ಒಂಬೈನೂರ ಅರುವತ್ತು.
ಇವತ್ತು ಎರಡು ಸಾವಿರದ ಎಂಟುನೂರ ಎಪ್ಪತ್ತು.
ಮೋಟರು ಎಳೆದಷ್ಟೂ ಸಿಹಿ ಖಾಲಿಯಾಗಿ
ಆ ಜಾಗಕ್ಕೆ ಕಡಲು
ಚಪ್ಪಲಿ ಕಳಚಿಟ್ಟು ಸದ್ದಿಲ್ಲದೆ ಬಂದು ಕೂತಿದೆ.

ಅವರ ಮೊಮ್ಮಗನಿಗೆ ನನ್ನ ತೊಳೆಯುವ ನೀರಿನ ಮೇಲೆ ಕಣ್ಣು.
"ಇದಕ್ಕೆ ಎಷ್ಟು?"
ಅದ್ದಿ ತೋರಿಸಿದೆ: ಎರಡು.
"ಎರಡು ಸಾವಿರವಾ?"
ಅಲ್ಲ, ಬರೀ ಎರಡು.
ನೆಬೀಸುಮ್ಮ ಅಂಗೈಗೆ ಹಾಕಿಸಿಕೊಂಡು ನೆಕ್ಕಿ ಮುಖ ಹಿಂಡಿದರು:
"ಇದಕ್ಕೆ ಊರೇ ಇಲ್ಲ."
ಹೌದು, ಇದರಲ್ಲಿ ಕರೆಂಟು ಹೋಗುವುದೂ ಇಲ್ಲ ಎಂದೆ,
ಟೀಚರಮ್ಮನ ಹಾಗೆ ಕೈ ಆಡಿಸುತ್ತಾ:
ಹೊರುವುದು ನೀರಲ್ಲ ಉಮ್ಮಾ, ನೀರಲ್ಲಿ ಕರಗಿದ್ದು,
ಉಪ್ಪು, ಸುಣ್ಣ, ಮಣ್ಣು ಬಿಟ್ಟುಕೊಟ್ಟದ್ದು...

ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಿದರು.
ಮೋಟರಿನ ಗೂಡಿಗೆ ಹೊಸ ಬಾಗಿಲು, ಹಸಿರು ಬಣ್ಣ.
ಅದರ ಕಡೆ ನೋಡದೆ ಕೇಳಿದರು:
"ಇವರು ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದ ದಿನ
ಈ ಬಾವಿ ಸಿಹಿ ಇತ್ತಲ್ಲ.
ಇದೇ ನೀರಿನ ಚಾಯ ಕುಡಿದು ಎದ್ದು ಹೋದದ್ದು.
ಮತ್ತೆ ಹೇಗೆ?"

ನಾನೂರ ಹತ್ತು ಸಾಕು.
ಅದಕ್ಕಿಂತ ಕಡಿಮೆಯೂ ಸಾಕು.
ಇದನ್ನು ಹೇಳಲು ನನ್ನ ಮೂರು ಭಾಷೆಯಲ್ಲಿ
ನೆಟ್ಟಗಿನ ಒಂದು ವಾಕ್ಯ ಸಿಗಲಿಲ್ಲ.
"ಸಿಹಿಯಲ್ಲೂ ಸ್ವಲ್ಪ ಇರುತ್ತದೆ" ಎಂದೆ.
"ಇಲ್ಲದಿದ್ದರೆ ಬಾಯಿಗಿಡಲಿಕ್ಕೆ ಆಗುವುದಿಲ್ಲ"
ಎಂದು ಅವರೇ ಮುಗಿಸಿ
ಹಗ್ಗದ ಉಳಿದ ಸುತ್ತು ಸುತ್ತಿದರು.

ಕೆಂಪು ಬಣ್ಣದ ಡಬ್ಬ ಚೀಲದಲ್ಲೇ ಇತ್ತು.
ಕಟ್ಟೆಗೆ ಗುರುತು ಬಳಿಯಬೇಕಾದದ್ದು ಮೂರು ಸಾವಿರಕ್ಕೆ.
ನೂರ ಮೂವತ್ತು ಬಾಕಿ ಉಂಟು.
ಹುಣ್ಣಿಮೆಯ ಭರತಕ್ಕೆ ಅದೂ ತುಂಬುತ್ತದೆ.

ಗಂಜಿ ಬಡಿಸಿದರು, ಸುಟ್ಟ ಬಂಗುಡೆಯ ಒಂದು ತುಂಡು.
"ಉಪ್ಪು ನಾನು ಹಾಕಿಲ್ಲ, ಬಾವಿಯೇ ಹಾಕಿದ್ದು.
ಬೇಕಾದರೆ ಹಿಡಿದು ನೋಡು."
ಹಿಡಿದೆ. ನಿಯಮದಲ್ಲಿ ಇಲ್ಲದ ಕೆಲಸ.
ಅಂಕಿ ಏರಿತು, ಇಳಿಯಿತು,
ಅಗುಳಿಗೆ ತಾಗಿ ತಡವರಿಸಿತು.
ಹುಡುಗ ದೊಡ್ಡ ದನಿಯಲ್ಲಿ ಓದಿ ಹೇಳಿದ.
ನೆಬೀಸುಮ್ಮ ಒಂದು ಗುಟುಕು ಸುರಿದು
"ಸರಿ ಉಂಟು" ಎಂದರು,
ಯಂತ್ರಕ್ಕೋ, ಗಂಜಿಗೋ.

ಹದಿನೆಂಟನೇ ಬಾವಿಯ ದಣಪೆ ದಾಟುವ ಮೊದಲು
ಮೂರು ಸಲ ತೊಳೆದೆ.
ಎರಡಕ್ಕೆ ಇಳಿಯಲಿಲ್ಲ, ಏಳರಲ್ಲಿ ನಿಂತಿತು.
ನಾಲ್ಕನೇ ಸಲ ತೊಳೆಯಲಿಲ್ಲ.