ಯಾರ ಪೈಕಿ

ರೈಬಂದರಿನ ನಮ್ಮ ಮನೆಯ ಮೇಲಿನ ಎರಡು ಕೋಣೆ
ಬಾಡಿಗೆಗಿವೆ. ಬಚ್ಚಲು ಒಂದೇ.
ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ.

ಒಂದರಲ್ಲಿ ಕೋರಿ ಬ್ಲೊಮ್ಮೆಸ್ಟೈನ್, ಹೇಗ್ ನಗರದವಳು,
ಎಂಬತ್ತೊಂದು ವಯಸ್ಸು. ಹೆಸರಷ್ಟೇ ಕೋರಿ,
ಏನನ್ನೂ ಕೋರುವವಳಲ್ಲ. ಟವೆಲು ಸೋಪು ಸಹ ತಾನೇ ತಂದಿದ್ದಳು.
ಇನ್ನೊಂದರಲ್ಲಿ ರೂಡಿ ಹಾಲೆವೈನ್, ಕ್ಯಾಲಿಫೋರ್ನಿಯಾದಿಂದ
ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಬಂದವನು.
ಪೊಲೀಸರ ಫಾರಮ್ಮಿನಲ್ಲಿ ನಾನೇ ತುಂಬಿದೆ:
ಒಬ್ಬಳು ಡಚ್ಚು, ಒಬ್ಬ ಅಮೆರಿಕನ್.
ಮೂರು ದಿನ ಮೆಟ್ಟಿಲಲ್ಲಿ ಎದುರಾದರೆ
ಗುಡ್ ಮಾರ್ನಿಂಗ್. ಅಷ್ಟೇ.

ನಾಲ್ಕನೆಯ ದಿನ ರೂಡಿ ಬಚ್ಚಲಿನಿಂದ ಹೊರಬಂದ,
ಕೈಯಲ್ಲಿ ಹಸಿರು ಗಾಜಿನ ಬಾಟಲಿ, ಕತ್ತಿನವರೆಗೆ ನೀರು.
‘ಇದು ಯಾರದು?’
ನನಗೆ ಎದೆ ಧಸಕ್ಕೆಂದಿತು.
ಪ್ಲಾಸ್ಟಿಕ್ ಚೊಂಬು ಇಟ್ಟಿದ್ದೇನೆ, ಪೈಪು ಹಾಕಿಸಿದ್ದೇನೆ,
ಆದರೂ ಊರಿಂದೂರಿಗೆ ಬಾಟಲಿ ಹೊತ್ತು ತರುವವರು ಯಾರು?
‘ನನ್ನದು’ ಎಂದಳು ಕೋರಿ,
ಬೆಲ್ಲದ ಡಬ್ಬಿಯಲ್ಲಿ ಕೈಯಿಟ್ಟು ಸಿಕ್ಕಿಬಿದ್ದ ಹುಡುಗಿಯ ಹಾಗೆ.

ಅವನು ಎರಡೇ ಪದ ಅಂದ:
ಬೋತೊಲ್ ಚೆಬೊಕ್.

ಯಾರೂ ಅರ್ಥ ಹೇಳಲಿಲ್ಲ, ಬೇಕಾಗಿಯೂ ಇರಲಿಲ್ಲ.
ಮುದುಕಿ ಗೋಡೆ ಹಿಡಿದುಕೊಂಡು ನಕ್ಕಳು,
ನಗುನಗುತ್ತ ಮೆಟ್ಟಿಲ ಮೇಲೇ ಕುಸಿದು ಕೂತಳು,
ಅವನೂ ಕೂತ, ಎಣ್ಣೆಯ ಮೊಣಕಾಲು ಮರೆತು.

ಆಮೇಲೆ ಶುರುವಾಯಿತು ನೋಡಿ, ಥೇಟು ನಮ್ಮ ರೋಣದ ಬಸ್‌ಸ್ಟ್ಯಾಂಡು:
ಯಾವೂರು, ಯಾವ ಓಣಿ, ಯಾರ ಪೈಕಿ?
ಸೆಮರಾಂಗ್. ಮಲಾಂಗ್. ಯಾವ ಶಾಲೆ? ಯಾವ ಹಡಗು?
ಕೊನೆಗೆ ಒಬ್ಬ ಹೊಲಿಗೆ ಟೀಚರು ಸಿಕ್ಕಳು
ಇಬ್ಬರಿಗೂ ಗೊತ್ತಿದ್ದವಳು, ಸತ್ತು ನಲವತ್ತು ವರ್ಷ.
ಅವಳನ್ನು ನಡುವೆ ಕೂರಿಸಿಕೊಂಡು
ಚಹಾ ಆರುವವರೆಗೆ ಮಾತಾಡಿದರು.

ಕೋರಿಯ ಅಜ್ಜ ಸಕ್ಕರೆ ಕಾರ್ಖಾನೆಯ ಡಚ್ ಗುಮಾಸ್ತ.
ಅಜ್ಜಿ ಅವನ ಮನೆಗೆಲಸದ ಜಾವಾ ಹುಡುಗಿ.
ಅಪ್ಪನ ಜನನಪತ್ರದಲ್ಲಿ ತಾಯಿಯ ಹೆಸರಿರಬೇಕಾದಲ್ಲಿ
ಒಂದು ಗೀಟು.
‘ಇಂಡೋನೇಷ್ಯಾ ಆಯಿತು, ಬಿಳಿಯರೇ ಹೋಗಿ ಅಂದರು.
ಹಾಲೆಂಡಿಗೆ ಹೋದೆವು, ನೀಲಿಗಳು ಬಂದರು ಅಂದರು.’
‘ನೀಲಿಯೆ?’
‘ನೀಲಿ’ ಎಂದಳು, ಮುಂಗೈ ಚಾಚಿ ತೋರಿಸಿದಳು.
ಹದವಾಗಿ ಹುರಿದ ಗೋಧಿಯ ಬಣ್ಣ.

ಸಂಜೆ ಬಿಬಿಂಕಾ ಕೊಯ್ದು ಕೊಟ್ಟೆ.
ಇಬ್ಬರೂ ಫೋರ್ಕು ಬದಿಗಿಟ್ಟು
ಉಗುರಿನಿಂದ ಒಂದೊಂದೇ ಪದರ ಸುಲಿದು ತಿಂದರು.
ಹೀಗೆ ತಿಂದದ್ದಕ್ಕೆ ಅವ್ವ ನನಗೆ ಬಡಿಯುತ್ತಿದ್ದಳು.
‘ನಮಗೂ ಬಿದ್ದಿವೆ’ ಎಂದ ರೂಡಿ, ಬಾಯಿ ತುಂಬ.

‘ಮತ್ತೆ ನೀನು?’ ಕೋರಿ ಕೇಳಿದಳು.

ನಾನು ಆನಾ ಫಕೀರಪ್ಪ.
ಹೆಸರು ಕೇಳಿದ ರೇಷನ್ ಗುಮಾಸ್ತ ಪೆನ್ನು ಕೆಳಗಿಟ್ಟಿದ್ದ.
ಅಪ್ಪ ರೋಣದವನು, ವಾಸ್ಕೋ ಬಂದರಿನಲ್ಲಿ ಅದಿರು ತುಂಬಿದವನು.
ಅವ್ವ ಎಸ್ಪೆರಾನ್ಸ್, ಚಿಂಬೆಲ್‌ನವಳು.
ಇಲ್ಲಿ ನಾನು ಘಾಟಿ. ರೋಣಕ್ಕೆ ಹೋದರೆ ಅತ್ತಿ
‘ಬಂದ್ಳು ನೋಡ್ರಿ ಗೋವಾದಾಕಿ’ ಅಂತ ಮೂಗು ಮುರಿಯುತ್ತಾಳೆ.
ಇಷ್ಟು ಹೇಳಬೇಕೆಂದಿದ್ದೆ.
ಆದರೆ ನಮ್ಮನ್ನು ಯಾವ ಸಿಪಾಯಿಯೂ
ಮುಳ್ಳುತಂತಿಯೊಳಗೆ ಕೂಡಿಹಾಕಿಲ್ಲ,
ಯಾವ ಹಡಗೂ ಹೊತ್ತೊಯ್ದು ಚಳಿಯಲ್ಲಿ ಸುರುವಿಲ್ಲ.
ಹೋಲಿಸಲು ಹೋದ ನಾಲಗೆಯನ್ನು ಕಚ್ಚಿಕೊಂಡೆ.

ಅಟ್ಟ ಹತ್ತಿದೆ.
ಅಪ್ಪನ ತಾಮ್ರದ ತಂಬಿಗೆ ಅಲ್ಲಿತ್ತು.
ರೋಣದಿಂದ ರೈಲಿನಲ್ಲಿ ಮಡಿಲಲ್ಲಿಟ್ಟು ತಂದದ್ದು.
ಅವ್ವನ ತಾಯಿ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ,
ಸಾಯುವವರೆಗೆ ಹಿತ್ತಲಿನ ಕ್ರೋಟನ್ ಗಿಡದ ಬುಡದಲ್ಲೇ ಅದರ ವಾಸ.

ಹುಣಸೆಹಣ್ಣು ಕಾಣದೆ ಕಪ್ಪಾಗಿತ್ತು.
ತಂದು ಮೇಜಿನ ಮೇಲಿಟ್ಟೆ, ಬಿಬಿಂಕಾ ತಟ್ಟೆಯ ಪಕ್ಕ.
ಕೋರಿ ಏನೂ ಅನ್ನಲಿಲ್ಲ.
ರೂಡಿ ಬಗ್ಗಿ, ಬೆರಳ ಗೆಣ್ಣಿನಿಂದ ತಟ್ಟಿ,
ಕಿವಿಗೊಟ್ಟು ಕೇಳಿದ.