ಬಿಕೋ

ಮೇಯೋ ಹಾಲಿನ ಮೇಲಿನ ಮಹಡಿ. ಫ್ಯಾನಿಗೆ ಮೂರು ರೆಕ್ಕೆ,
ಒಂದು ಸೊಟ್ಟ.
ಸಾಕ್ಷಿ ಆಡಿದ್ದನ್ನು ಇಂಗ್ಲಿಷಿಗೆ ಇಳಿಸುವುದು ನನ್ನ ಕೆಲಸ.
ಹತ್ತೊಂಬತ್ತು ವರ್ಷದಿಂದ ಇಳಿಸುತ್ತಿದ್ದೇನೆ
ಹಮಾಲಿಯ ಹಾಗೆ,
ಮೂಟೆಯಲ್ಲೇನಿದೆ ಎಂದು ಕೇಳದೆ.

ಕಟಕಟೆಯಲ್ಲಿ ಪಿಳ್ಳಮ್ಮ, ಕೋಂ ದಿವಂಗತ ಚಿನ್ನಪ್ಪ.
ಹಲಸೂರಿನ ವಠಾರ, ಒಂದೂವರೆ ಕೋಣೆ,
ಮೂವತ್ತೊಂದು ವರ್ಷದ ಬಾಡಿಗೆ.
ಎಪ್ಪತ್ತು ದಿನ ವಿಕ್ಟೋರಿಯಾ ಆಸ್ಪತ್ರೆಯ ವರಾಂಡದಲ್ಲಿ ಮಲಗಿ
ಒಬ್ಬಳೇ ತಿರುಗಿ ಬಂದವಳು.
ಆಮೇಲೆ ತಂಗಿ ಮನೆಗೆಂದು ಹೋದ ವಾರದಲ್ಲಿ
ಬಾಗಿಲಿಗೆ ಬೇರೆ ಬೀಗ.

ಆಸ್ಪತ್ರೆಯಿಂದ ಬಂದ ದಿನ ಮನೆ ಹೇಗಿತ್ತು?
ಕೇಳಿದರು ಓನರ್ ಪರ ವಕೀಲರು.

"ಬಿಕೋ ಅಂತಿತ್ತು ಸ್ವಾಮಿ."

ವೇಕೆಂಟ್, ಅಂದರು ವಕೀಲರು ನನ್ನತ್ತ ತಿರುಗಿ,
ಬರೆದುಕೊಳ್ಳಿ.

ವೇಕೆಂಟ್ ಅಂದರೆ ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡು,
ಬಸ್ಸಿನ ಸೀಟು, ಸರ್ಕಾರಿ ಹುದ್ದೆ.
ಎದ್ದು ಹೋದವರ ಹೆಸರು ಯಾರೂ ಕೇಳುವುದಿಲ್ಲ.
ಆ ಒಂದು ಪದಕ್ಕೆ ಅವಳ ಮನೆ ಹೋಗುತ್ತದೆ.

ಎಂಪ್ಟಿ ಅನ್ನೋಣವೆಂದರೆ
ಸಿಲಿಂಡರ್ ಹುಡುಗ ಮೆಟ್ಟಿಲ ಬುಡದಲ್ಲಿ ನಿಂತು
ಎಂಪ್ಟಿ ಕೊಡೀಮ್ಮಾ ಎಂದು ದಿನವೂ ಕೂಗಿ ಕೂಗಿ
ಆ ಪದ ತಗಡಾಗಿದೆ.
ಅಲ್ಲದೆ ಮನೆಯಲ್ಲಿ ಮಂಚವಿತ್ತು, ಸ್ಟೌ ಇತ್ತು,
ಗೂಟದಲ್ಲಿ ಅವನ ಅಂಗಿ,
ಜೇಬಿನಲ್ಲಿ ಶಿವಾಜಿನಗರದ ಟಿಕೆಟ್ಟು.
ಈಗಷ್ಟೇ ಹೇಳಿದ್ದಾಳೆ, ನಾನೇ ಇಳಿಸಿದ್ದೇನೆ.

ಹಾಲೋ ಸ್ವಲ್ಪ ಹತ್ತಿರ. ತಟ್ಟಿದರೆ ಸದ್ದು ಕೊಡುತ್ತದೆ.
ಆದರೆ ಯಾರಾದರೂ ತಟ್ಟಬೇಕು.
ವಾಯ್ಡ್ ಆಗಲೇ ಕೂತಿದೆ
ಕರಾರಿನ ಒಂಬತ್ತನೇ ಕಲಮಿನಲ್ಲಿ, ಕಾಲು ಮೇಲೆ ಕಾಲು ಹಾಕಿ.
ಡೆಸೊಲೇಟ್? ಕೋಟು ತೊಟ್ಟ ಪದ.
ರಬ್ಬರ್ ಚಪ್ಪಲಿಯ ಪಿಳ್ಳಮ್ಮನ ಬಾಯಿಗೆ
ಅದನ್ನು ಹೇಗೆ ತುರುಕಲಿ.

ಟೈಪಿಸ್ಟ್ ಡೆಲ್ಫಿನ್ ಬೆರಳೆತ್ತಿ ಕಾದಿದ್ದಾಳೆ.
ತೆರೆಯ ಮೇಲೆ ಕರ್ಸರ್ ಕಣ್ಣು ಮಿಟುಕಿಸುತ್ತಿದೆ.

ನನಗೆ ಗೊತ್ತು ಆ ಸದ್ದು.
ಜೀವನ್ ಬೀಮಾ ನಗರ, ಭಾನುವಾರ, ಮಧ್ಯಾಹ್ನ ಮೂರು,
ಫ್ರಿಜ್ಜು ಗುರ್ರೆನ್ನುವುದನ್ನು ನಿಲ್ಲಿಸಿದ ಮೇಲೆ
ಗೋಡೆಯಿಂದ ಗೋಡೆಗೆ
(ಅವಳು ಅಲ್ಮೇರಾದ ಅರ್ಧ ತೆರವು ಮಾಡಿ ಹೋದ ವರ್ಷ).
ಖಾಲಿ ಇರುತ್ತದೆ, ಬರಿದು ಆಗುತ್ತದೆ,
ಬಿಕೋ ಮಾತ್ರ ಅನ್ನುತ್ತದೆ.
ಅನ್ನುವುದು ನಾವಲ್ಲ, ಮನೆ.

"ಏನ್ರೀ, ಆಯಿತೇ?" ಅಂದರು ನ್ಯಾಯಾಧೀಶರು.

ದಿ ಹೌಸ್ ಸೆಡ್, ಎಂದು ಹೇಳಿ
ಬಿ, ಐ, ಕೆ, ಓ, ಅಂದೆ.
ಡೆಲ್ಫಿನ್ ಒತ್ತಿದಳು.
ಕಂಪ್ಯೂಟರು ಕೂಡಲೇ ಅಡಿಗೊಂದು ಕೆಂಪು ಗೆರೆ ಎಳೆಯಿತು,
ವಕೀಲರು ಎದ್ದು ನಿಂತರು.
ನ್ಯಾಯಾಧೀಶರು ಕನ್ನಡಕ ತೆಗೆದು
ಅಷ್ಟೇನೂ ಮಸುಕಾಗಿರದ ಗಾಜನ್ನು ತುಂಬ ಹೊತ್ತು ಒರೆಸಿ
ಮುಂದಿನ ತಾರೀಖು ಕೊಟ್ಟರು, ಹದಿನಾಲ್ಕು.

ಹೊರಗೆ ಮೆಟ್ಟಿಲ ಬಳಿ ತಡೆದಳು.
"ನಾ ಹೇಳಿದ್ದೇ ಬರೆದ್ರಾ?"
ಹೂಂ.
"ಅವ್ರ ಭಾಷೇಲೂ ಮನೆ ಅಂಗೇ ಅಂತದಾ?"
ಇಲ್ಲಮ್ಮ. ಅವರ ಮನೆಗಳು ಸುಮ್ಮನಿರುತ್ತವೆ.

"ಪಾಪ," ಅಂದಳು,
ಹಳೇ ಬೀಗದ ಕೈಯನ್ನು ಸೆರಗಿನ ತುದಿಗೆ
ಇನ್ನೊಂದು ಗಂಟು ಹಾಕುತ್ತ.